ಬೇವಿನ ಮರದ ದುಂಬಿ, ಬೇರಿನ ಬುಡದ ಹುಳು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹೊಲಗಳಲ್ಲಿ ಗಣೇಶನ ಹಬ್ಬದ ಹೊತ್ತಿಗೆ ಕೆಲವು ವರ್ಷ ಒಂದು ಸಂಗತಿ ಕಾಣಸಿಗುತ್ತದೆ. ಮಳೆ ಹದವಾಗಿ ಆಗಿರುತ್ತದೆ. ಎಡೆ ಹೊಡೆದು, ಕಳೆ ತೆಗೆದದ್ದೂ ಮುಗಿದಿರುತ್ತದೆ. ಆದರೂ ಹಸಿರು ಬೆಳೆಯ ನಡುವೆ ಅಲ್ಲಲ್ಲಿ ಗಿಡಗಳು ಗುಂಪುಗುಂಪಾಗಿ ಹಳದಿಗೆ ತಿರುಗಿ ಬಾಡಿ ನಿಂತಿರುತ್ತವೆ. ಅದು ಶೇಂಗಾ ಇರಬಹುದು, ಮೆಣಸಿನ ಗಿಡ ಇರಬಹುದು, ಗೋವಿನಜೋಳ ಇರಬಹುದು. ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರಿಗೆ ಅದು ಸೊರಗು ರೋಗ. ಇನ್ನೊಬ್ಬರು ಬೀಜವೇ ಖೊಟ್ಟಿ ಎಂದು ಅಂಗಡಿಯವನನ್ನು ಬಯ್ಯುತ್ತಾರೆ. ಮೂರನೆಯವರು ಸರಕಾರಿ ಗೊಬ್ಬರ ಹೆಚ್ಚಾಯಿತು ಎನ್ನುತ್ತಾರೆ. ಬಾಡಿದ ಗಿಡವನ್ನು ಹಿಡಿದು ಎಳೆದರೆ ಏನೂ ಬಲ ಹಾಕದೆಯೇ ಕೈಗೆ ಬರುತ್ತದೆ. ಕೆಳಗೆ ಬೇರೇ ಇರುವುದಿಲ್ಲ. ಬುಡದ ಮಣ್ಣನ್ನು ಗೇಣುದ್ದ ಕೆದರಿದರೆ ಹೆಬ್ಬೆರಳಿನ ಗಾತ್ರದ, ಬಿಳಿಯ ಮೈಯ, ಕಂದು ತಲೆಯ ಹುಳುವೊಂದು ಇಂಗ್ಲಿಷಿನ 'ಸಿ' ಅಕ್ಷರದಂತೆ ಬಾಗಿಕೊಂಡು ಮಲಗಿರುತ್ತದೆ. ಇದೇ ಗೊಣ್ಣೆಹುಳು.

ಹೆಸರು ಕೇಳಿ ಮಕ್ಕಳು ನಗುವುದು ಸಹಜ. ಆದರೆ ಆ ಹೊತ್ತಿಗೆ ಮನೆಯ ಹಿರಿಯರಿಗೆ ನಗು ಬರುವುದಿಲ್ಲ. ಬೀಜಕ್ಕೆ, ಗೊಬ್ಬರಕ್ಕೆ, ಆಳಿಗೆ ಸುರಿದ ಹಣ ಮಣ್ಣಿನಲ್ಲಿರುತ್ತದೆ. ಮತ್ತೊಮ್ಮೆ ಬಿತ್ತಲು ಹಂಗಾಮು ಉಳಿದಿರುವುದಿಲ್ಲ. ಹುಳು ದೊಡ್ಡದಾಗಿರುತ್ತದೆ, ಆಳದಲ್ಲಿರುತ್ತದೆ, ಯಾವ ಔಷಧವೂ ಅದಕ್ಕೆ ಸರಿಯಾಗಿ ತಗಲುವುದಿಲ್ಲ. ಅಂದರೆ ಕೇಡು ಕಣ್ಣಿಗೆ ಬಿದ್ದಾಗ ಅದನ್ನು ತಡೆಯುವ ಕಾಲ ದಾಟಿಹೋಗಿರುತ್ತದೆ.

ಹಾಗಾದರೆ ತಡೆಯುವ ಕಾಲ ಯಾವುದು? ಅದು ಮೇ ತಿಂಗಳಿನಲ್ಲಿ, ಬೇಸಿಗೆ ರಜೆಯ ಕೊನೆಯ ದಿನಗಳಲ್ಲಿ, ಊರಿನ ಬೇವಿನ ಮರಗಳ ಮೇಲೆ ಎಲ್ಲರ ಕಣ್ಣೆದುರೇ ಬಂದು ಹೋಗಿರುತ್ತದೆ. ಮೊದಲ ದೊಡ್ಡ ಮಳೆ ಬಿದ್ದ ಸಂಜೆ ದೀಪದ ಸುತ್ತ ಗುಂಯ್‌ಗುಟ್ಟಿ ಗೋಡೆಗೆ ಬಡಿದು ಅಂಗಾತ ಬೀಳುವ ಕಂದು ದುಂಬಿಗಳನ್ನು ಹಿಡಿದು ಬೆಂಕಿಪೊಟ್ಟಣದಲ್ಲಿ ಇಡದ ಹುಡುಗ ಹಳ್ಳಿಯಲ್ಲಿ ವಿರಳ. ಆ ದುಂಬಿಗಳ ನಡುವೆಯೇ ಗೊಣ್ಣೆಹುಳುವಿನ ತಾಯಿತಂದೆಯರೂ ಇರುತ್ತವೆ. ದುಂಬಿಗೂ ಹುಳುವಿಗೂ ನಡುವೆ ಮೂರು ತಿಂಗಳ ಅಂತರ. ರೂಪದಲ್ಲಂತೂ ಒಂದಕ್ಕೊಂದು ಸಂಬಂಧವೇ ಕಾಣದು. ಆದ್ದರಿಂದ ಎರಡನ್ನೂ ಜೋಡಿಸಿ ನೋಡುವವರು ಕಡಿಮೆ.

ಪಾಠಪುಸ್ತಕದಲ್ಲಿ ರೂಪಪರಿವರ್ತನೆ ಎಂದರೆ ರೇಷ್ಮೆಹುಳು, ಚಿಟ್ಟೆ, ಸೊಳ್ಳೆ. ಅವುಗಳ ಚಿತ್ರ ಬರೆದು ಭಾಗ ಗುರುತಿಸಿದರೆ ಅಂಕ ಸಿಗುತ್ತದೆ. ಅದೇ ನಾಲ್ಕು ಹಂತಗಳು, ಅಂದರೆ ಮೊಟ್ಟೆ, ಮರಿಹುಳು, ಕೋಶ ಮತ್ತು ಪ್ರೌಢಕೀಟ, ಮನೆಯ ಹಿಂದಿನ ಹೊಲದಲ್ಲೇ ನಡೆಯುತ್ತಿರುತ್ತವೆ ಎಂಬುದು ಅನೇಕ ವಿದ್ಯಾರ್ಥಿಗಳಿಗೆ ಹೊಳೆಯುವುದೇ ಇಲ್ಲ.

ಈ ಸೀಮೆಯಲ್ಲಿ ಮುಖ್ಯವಾಗಿ ಕಾಡುವ ಜಾತಿಯ ವೈಜ್ಞಾನಿಕ ಹೆಸರು ಹೊಲೊಟ್ರೈಕಿಯಾ ಸೆರ್ರೇಟಾ. ಇದಕ್ಕೆ 'ಸೆರ್ರೇಟಾ' ಎಂಬ ಹೆಸರಿಟ್ಟವನು ಡೆನ್ಮಾರ್ಕಿನ ಕೀಟತಜ್ಞ ಫ್ಯಾಬ್ರಿಷಿಯಸ್, 1781ರಲ್ಲಿ. ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್‌ನ ಶಿಷ್ಯ ಈತ. ಸಾವಿರಾರು ಕೀಟಗಳಿಗೆ ನಾಮಕರಣ ಮಾಡಿದವನು. ಸೆರ್ರೇಟಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಗರಗಸದ ಹಲ್ಲಿನಂಥದು ಎಂದು ಅರ್ಥ. ಮೇ, ಜೂನ್ ತಿಂಗಳಲ್ಲಿ ಹೊರಬರುವುದರಿಂದ ಈ ಬಳಗಕ್ಕೆ ಮೇ ದುಂಬಿ, ಜೂನ್ ದುಂಬಿ ಎಂಬ ಹೆಸರುಗಳೂ ಇವೆ. ಇಲ್ಲಿ ಒಂದು ಮಾತು. ಕನ್ನಡದಲ್ಲಿ ದುಂಬಿ ಎಂದೊಡನೆ ಹೂವಿನ ಮಕರಂದ ಹೀರುವ ಕವಿಗಳ ಭ್ರಮರ ನೆನಪಾಗುತ್ತದೆ. ಅದು ಜೇನಿನ ಬಳಗಕ್ಕೆ ಸೇರಿದ್ದು. ಇದು ಅದಲ್ಲ. ಮೇಲಿನ ಜೊತೆ ರೆಕ್ಕೆ ಗಟ್ಟಿಯಾಗಿ, ಕವಚದಂತೆ ಬೆನ್ನನ್ನು ಮುಚ್ಚುವ ಕೀಟಗಳ ಗಣಕ್ಕೆ ಸೇರಿದ್ದು. ಸಗಣಿ ಉರುಳಿಸುವ ದುಂಬಿ, ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಇದರ ದಾಯಾದಿಗಳು.

ದುಂಬಿಯನ್ನು ಗುರುತಿಸುವುದು ಹೇಗೆ? ಉದ್ದ ಎರಡರಿಂದ ಎರಡೂವರೆ ಸೆಂಟಿಮೀಟರು, ಅಂದರೆ ಸುಮಾರು ಒಂದು ಅಂಗುಲ. ಬಣ್ಣ ಗಾಢ ಕಂದು. ಎದೆಯ ಕೆಳಭಾಗದಲ್ಲಿ ಮಾಸಲು ಬಣ್ಣದ ಮೃದುವಾದ ಕೂದಲು. ತಲೆಯ ಮುಂದಿನ ಎರಡು ಮೀಸೆಗಳನ್ನು ಭೂತಗನ್ನಡಿಯಿಂದ ನೋಡಿದರೆ ತುದಿಯಲ್ಲಿ ಮೂರು ಪುಟ್ಟ ಎಸಳುಗಳು ಕಾಣುತ್ತವೆ. ದುಂಬಿ ಅವನ್ನು ಬೀಸಣಿಗೆಯಂತೆ ಬಿಚ್ಚಬಲ್ಲದು, ಮಡಚಬಲ್ಲದು. ಅದು ವಾಸನೆ ಹಿಡಿಯುವ ಸಾಧನ. ಯುರೋಪಿನ ಮೇ ದುಂಬಿಯ ಗಂಡಿಗೆ ಇಂಥ ಎಸಳುಗಳು ಏಳು ಇರುತ್ತವೆ, ಹೆಣ್ಣಿಗೆ ಆರು. ದುಂಬಿ ಕಚ್ಚುವುದಿಲ್ಲ, ಕುಟುಕುವುದಿಲ್ಲ. ಅಂಗೈಯಲ್ಲಿ ಹಿಡಿದರೆ ಮುಳ್ಳುಗಾಲಿನಿಂದ ಕೆರೆಯುತ್ತದೆ, ಅಷ್ಟೆ.

ಅದೇ ಸಂಜೆ ಅದೇ ದೀಪಕ್ಕೆ ಸಗಣಿ ದುಂಬಿಯೂ ಬರುತ್ತದೆ. ಅದು ಸಾಮಾನ್ಯವಾಗಿ ಕಪ್ಪು. ತಲೆ ಸಲಿಕೆಯಂತೆ ಚಪ್ಪಟೆ, ಮುಂಗಾಲುಗಳಲ್ಲಿ ಅಗೆಯಲು ಬೇಕಾದ ದೊಡ್ಡ ಹಲ್ಲುಗಳು. ಅದು ಸಗಣಿಯನ್ನು ನೆಲದೊಳಗೆ ಹೂತು ಹೊಲಕ್ಕೆ ಉಪಕಾರ ಮಾಡುವ ಜೀವಿ. ದೀಪದ ಕೆಳಗೆ ಬಿದ್ದದ್ದನ್ನೆಲ್ಲ ಚಪ್ಪಲಿಯಿಂದ ಹೊಸಕುವ ಮುನ್ನ ಇಷ್ಟು ವ್ಯತ್ಯಾಸ ತಿಳಿದಿರಬೇಕು.

ಗೊಣ್ಣೆಹುಳುವಿನ ದುಂಬಿಯನ್ನು ಹುಡುಕಲು ದೀಪಕ್ಕಿಂತ ಬೇವಿನ ಮರ ಒಳ್ಳೆಯ ಜಾಗ. ಸ್ವಾರಸ್ಯ ಇರುವುದೇ ಇಲ್ಲಿ. ಬೇವೆಂದರೆ ಕೀಟಗಳಿಗೆ ಆಗದು ಎಂಬ ಮಾತು ಎಲ್ಲರಿಗೂ ಗೊತ್ತು. ಕಾಳಿನ ಕಣಜದಲ್ಲಿ ಬೇವಿನ ಎಲೆ ಹಾಕುವ ಪದ್ಧತಿ ಹಳೆಯದು. 1959ರಲ್ಲಿ ಸುಡಾನ್ ದೇಶದಲ್ಲಿ ಮಿಡತೆಗಳ ದಂಡು ಕಂಡಕಂಡ ಹಸಿರನ್ನೆಲ್ಲ ತಿಂದು ಬೇವಿನ ಮರಗಳನ್ನು ಮಾತ್ರ ಬಿಟ್ಟು ಹೋದದ್ದನ್ನು ಜರ್ಮನಿಯ ವಿಜ್ಞಾನಿ ಶ್ಮುಟರರ್ ಕಂಡು, ತಮ್ಮ ಮುಂದಿನ ಬದುಕನ್ನು ಬೇವಿನ ಸಂಶೋಧನೆಗೆ ಮೀಸಲಿಟ್ಟರು. ಅಂಥ ಬೇವಿನ ಎಲೆಯೇ ಈ ದುಂಬಿಗೆ ಅಚ್ಚುಮೆಚ್ಚಿನ ಊಟ! ಪ್ರಕೃತಿಯಲ್ಲಿ 'ಎಲ್ಲ ಕೀಟಗಳಿಗೂ' ಎಂದು ಹೇಳಬಹುದಾದ ಮಾತು ಬಹಳ ಕಡಿಮೆ. ಬೇವಿಲ್ಲದ ಕಡೆ ಜಾಲಿ, ಬಾರಿ ಮೊದಲಾದ ಮರಗಳೂ ಆಗುತ್ತವೆ.

ಇನ್ನು ಇದರ ಒಂದು ವರ್ಷದ ಬಾಳನ್ನು ನೋಡೋಣ. ಇಂಗ್ಲಿಷ್ ತಿಂಗಳಿಗಿಂತ ಊರಿನ ಹಬ್ಬಗಳಿಗೆ ಹೊಂದಿಸಿಕೊಂಡರೆ ಇದು ನೆನಪಿನಲ್ಲಿ ಚೆನ್ನಾಗಿ ಉಳಿಯುತ್ತದೆ. ಮಳೆ ಹಿಂದುಮುಂದಾದರೆ ಲೆಕ್ಕವೂ ಒಂದೆರಡು ವಾರ ಹಿಂದುಮುಂದಾಗುತ್ತದೆ.

ಬಸವ ಜಯಂತಿ ಮುಗಿದು ಭರಣಿ, ಕೃತ್ತಿಕೆ ಮಳೆಗಳ ಕಾಲ. ದುಂಬಿ ಆಗಲೇ ಮಣ್ಣಿನೊಳಗೆ ಸಿದ್ಧವಾಗಿ ಕುಳಿತಿದೆ. ಒಂದು ಜೋರಾದ ಮಳೆ ಬಿದ್ದು ನೆಲ ಆಳದವರೆಗೆ ನೆನೆಯಿತೆಂದರೆ, ಅದೇ ದಿನ ಅಥವಾ ಮುಂದಿನ ಒಂದೆರಡು ದಿನಗಳಲ್ಲಿ, ಹೊತ್ತು ಮುಳುಗಿ ಕತ್ತಲಾಗುವ ಸಮಯಕ್ಕೆ ಸರಿಯಾಗಿ ಮೇಲೆ ಬರುತ್ತದೆ. ಒಂದು ಬಂದರೆ ಹಿಂದೆಯೇ ನೂರು ಬರುತ್ತವೆ. ಹತ್ತಿರದ ಮರ ಹುಡುಕಿ ಹೋಗಿ ಕೂರುತ್ತವೆ, ಜೊತೆಗೂಡುತ್ತವೆ, ರಾತ್ರಿಯಿಡೀ ಎಲೆ ತಿನ್ನುತ್ತವೆ. ಬೆಳಕು ಹರಿಯುವ ಮುನ್ನ ಇಳಿದು ಮತ್ತೆ ಮಣ್ಣು ಸೇರುತ್ತವೆ. ಹಗಲಿನಲ್ಲಿ ಮರದ ಕೆಳಗೆ ನಿಂತು ನೋಡಿದರೆ ಅಂಚು ಕಚ್ಚಿದ ಎಲೆಗಳು ಕಾಣುತ್ತವೆ, ತಿಂದವರು ಕಾಣುವುದಿಲ್ಲ.

ಎಲ್ಲ ದುಂಬಿಗಳೂ ಒಟ್ಟಿಗೆ ಹೊರಬರುವುದು ಏಕೆ? ಒಣಗಿ ಗಟ್ಟಿಯಾದ ನೆಲವನ್ನು ಸೀಳಿ ಬರುವುದು ಅವಕ್ಕೆ ಆಗದು; ಮಳೆ ನೆಲವನ್ನು ಸಡಿಲಿಸಬೇಕು. ಮೊಟ್ಟೆಗೆ ತೇವ ಬೇಕು, ಹುಟ್ಟುವ ಮರಿಗೆ ಎಳೆಯ ಬೇರು ಬೇಕು. ಎರಡೂ ಸಿಗುವುದು ಮಳೆಯ ಹಿಂದೆಯೇ. ಜೊತೆಗೆ ಬಾಳಿನಲ್ಲಿ ಕೆಲವೇ ವಾರ ಹೊರಗೆ ಹಾರಾಡುವ ಜೀವಿಗೆ ಸಂಗಾತಿ ಸಿಗಬೇಕಾದರೆ ಎಲ್ಲವೂ ಒಂದೇ ಕಾಲಕ್ಕೆ ಹೊರಬರಲೇಬೇಕು. ರೈತನು ಬಿತ್ತನೆಗೆ ಕಾಯುವುದೂ ಅದೇ ಮಳೆಗೆ. ಎರಡು ಲೆಕ್ಕಗಳೂ ಒಂದೇ ಆಗಿರುವುದರಿಂದಲೇ ಇದು ಬೆಳೆಯ ಶತ್ರುವಾಗಿದೆ.

ಕಾರಹುಣ್ಣಿಮೆಯ ಸುಮಾರಿಗೆ ಹೆಣ್ಣು ದುಂಬಿ ಹಸಿ ಮಣ್ಣಿನಲ್ಲಿ ಎರಡು ಮೂರು ಅಂಗುಲ ಆಳಕ್ಕೆ ಇಳಿದು ಬಿಡಿಬಿಡಿಯಾಗಿ ಮೊಟ್ಟೆ ಇಡುತ್ತದೆ. ಇಟ್ಟಾಗ ಮೊಟ್ಟೆ ಅಂಡಾಕಾರವಾಗಿದ್ದು ಹಾಲಿನಂತೆ ಬಿಳುಪಾಗಿರುತ್ತದೆ. ಮಣ್ಣಿನ ತೇವ ಹೀರಿ ಉಬ್ಬಿ ಕ್ರಮೇಣ ಗೋಲಿಯಂತೆ ದುಂಡಗಾಗುತ್ತದೆ. ಸುಮಾರು ಹತ್ತು ದಿನಕ್ಕೆ ಮರಿ ಹೊರಬರುತ್ತದೆ. ಮಕ್ಕಳು ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಮಣ್ಣು ಅಗೆಯುವ ವೇಳೆಗೆ ಹೊಲದಲ್ಲಿ ಈ ಮರಿಗಳಿರುತ್ತವೆ. ಆದರೆ ಅಕ್ಕಿಕಾಳಿನಷ್ಟು ಸಣ್ಣವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಕೊಳೆತ ಎಲೆ, ಗೊಬ್ಬರ, ಕೂದಲಿನಂಥ ಎಳೆಬೇರು ಅವುಗಳ ಆಹಾರ. ಎರಡು ಮೂರು ವಾರಕ್ಕೆ ಒಮ್ಮೆ ಪೊರೆ ಕಳಚಿ ದೊಡ್ಡದಾಗುತ್ತದೆ. ಸುಮಾರು ತಿಂಗಳಿಗೆ ಇನ್ನೊಮ್ಮೆ. ನಾಗರ ಪಂಚಮಿಯ ಜೋಕಾಲಿ ಬಿಚ್ಚುವ ಹೊತ್ತಿಗೆ ಅದರ ಹಸಿವು ಹೆಚ್ಚುತ್ತದೆ. ಮೂರನೆಯ ಹಂತ ಬಹು ದೀರ್ಘವಾದದ್ದು. ಗಣೇಶ ಚೌತಿಯಿಂದ ಶೀಗಿ ಹುಣ್ಣಿಮೆಯವರೆಗೆ ಬೇರನ್ನು ಕಡಿದು ತಿನ್ನುವುದೊಂದೇ ಅದರ ಕೆಲಸ. ಒಂದು ಗಿಡ ಮುಗಿದರೆ ಸಾಲಿನಲ್ಲಿ ಪಕ್ಕದ ಗಿಡಕ್ಕೆ ಸಾಗುತ್ತದೆ. ಗಿಡಗಳು ಸಾಲುಹಿಡಿದು, ಗುಂಪುಗುಂಪಾಗಿ ಸಾಯುವುದು ಇದರಿಂದಲೇ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದರ ಕಡುಗೆಂಪು ಬಣ್ಣಕ್ಕೆ ದೂರದ ಊರುಗಳ ವ್ಯಾಪಾರಿಗಳು ಬರುತ್ತಾರೆ. ಆ ಬಣ್ಣ ಹಣ್ಣಿಗೆ ಬರುವ ಮುಂಚಿನ ತಿಂಗಳುಗಳಲ್ಲಿ, ಗಿಡ ಹೂ ಬಿಡುವ ಕಾಲಕ್ಕೆ ಸರಿಯಾಗಿ, ಕೆಳಗೆ ಬೇರಿನ ಬುಡದಲ್ಲಿ ಇದರ ಊಟದ ಭರಾಟೆ ನಡೆದಿರುತ್ತದೆ. ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಬೀಜೋತ್ಪಾದನೆ ಮಾಡುವವರಿಗೆ ಒಂದೊಂದು ಗಿಡವೂ ಎಣಿಕೆಯದು. ಅಲ್ಲಿ ಹತ್ತು ಗಿಡ ಹೋದರೂ ಹೊಟ್ಟೆ ಉರಿಯುತ್ತದೆ.

ಹಿಂಗಾರಿ ಬಿತ್ತನೆ ಮುಗಿದು ಮೇಲ್ಮಣ್ಣು ಆರತೊಡಗಿದಂತೆ ಹುಳು ಕೆಳಗಿಳಿಯುತ್ತದೆ. ದೀಪಾವಳಿಯ ಆಚೀಚೆ ಒಂದೆರಡು ಅಡಿ ಆಳದಲ್ಲಿ ಮಣ್ಣಿನದೇ ಗೂಡು ಮಾಡಿಕೊಂಡು ಕೋಶವಾಗುತ್ತದೆ. ರೇಷ್ಮೆಹುಳುವಿನಂತೆ ಇದು ನೂಲು ಸುತ್ತಿಕೊಳ್ಳುವುದಿಲ್ಲ. ಗೂಡನ್ನು ಮೆಲ್ಲಗೆ ಒಡೆದರೆ ಒಳಗೆ ಕಾಲು, ರೆಕ್ಕೆ, ಮೀಸೆ ಎಲ್ಲವೂ ಮಡಚಿಕೊಂಡ ದುಂಬಿಯ ಮೇಣದ ಬೊಂಬೆಯಂಥ ರೂಪ ಕಾಣುತ್ತದೆ. ಎರಡು ಮೂರು ವಾರಗಳಲ್ಲಿ ಅದು ದುಂಬಿಯಾಗುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕುಳಿತವರ ಕಾಲ ಕೆಳಗೆ ಪೂರ್ಣ ಬೆಳೆದ ದುಂಬಿಗಳು ಸುಮ್ಮನೆ ಕುಳಿತಿರುತ್ತವೆ. ತಿನ್ನುವುದಿಲ್ಲ, ಓಡಾಡುವುದಿಲ್ಲ. ಯುಗಾದಿ ದಾಟಿ ಮುಂದಿನ ಮಳೆಯವರೆಗೂ ಹಾಗೆಯೇ ಇರುತ್ತವೆ. ಎಂದರೆ ಹನ್ನೆರಡು ತಿಂಗಳಲ್ಲಿ ಈ ಕೀಟ ಮನುಷ್ಯನ ಕಣ್ಣಿಗೆ ಬೀಳುವುದು ಕೆಲವು ವಾರಗಳ ಸಂಜೆಗಳಲ್ಲಿ ಮಾತ್ರ. ಉಳಿದ ಕಾಲವೆಲ್ಲ ನೆಲದಡಿಯಲ್ಲಿ.

ಶೀತ ದೇಶಗಳಲ್ಲಿ ಇದೇ ಕತೆ ಬಹಳ ನಿಧಾನ. ಯುರೋಪಿನ ಮೇ ದುಂಬಿ ಮೊಟ್ಟೆಯಿಂದ ದುಂಬಿಯಾಗಲು ಮೂರು ನಾಲ್ಕು ವರ್ಷ ಬೇಕು. ಅಮೆರಿಕದ ಅನೇಕ ಮೇ ದುಂಬಿಗಳಿಗೂ ಮೂರು ವರ್ಷ ಹಿಡಿಯುತ್ತದೆ. ಕೀಟಗಳ ಮೈಯ ಬಿಸಿ ಸುತ್ತಲಿನ ಬಿಸಿಯನ್ನು ಅವಲಂಬಿಸಿರುವುದರಿಂದ ತಣ್ಣಗಿನ ಮಣ್ಣಿನಲ್ಲಿ ಬೆಳವಣಿಗೆ ಕುಂಟುತ್ತದೆ. ಇಲ್ಲಿನ ಬೆಚ್ಚಗಿನ ಮಣ್ಣಿನಲ್ಲಿ ವರ್ಷಕ್ಕೊಂದು ಪೀಳಿಗೆ ಮುಗಿಯುತ್ತದೆ.

ಹೊಲೊಟ್ರೈಕಿಯಾ ಸೆರ್ರೇಟಾ ಹಾವೇರಿ ಜಿಲ್ಲೆಗೆ ಮಾತ್ರ ಸೀಮಿತವಲ್ಲ. ಬೆಳಗಾವಿಯ ಕಬ್ಬಿನ ಸೀಮೆ, ಅದರಾಚೆ ಮಹಾರಾಷ್ಟ್ರ, ಇತ್ತ ಆಂಧ್ರ, ತೆಲಂಗಾಣ, ತಮಿಳುನಾಡು, ಹೀಗೆ ದಕ್ಷಿಣ ಭಾರತದ ಬಹುಭಾಗದಲ್ಲಿ ಇದೆ. ರಾಜಸ್ಥಾನ, ಗುಜರಾತಿನ ಮರಳು ಮಣ್ಣಿನ ಶೇಂಗಾ ಹೊಲಗಳಲ್ಲಿ ಇದರ ಹತ್ತಿರದ ಬಂಧು ಹೊಲೊಟ್ರೈಕಿಯಾ ಕನ್ಸಾಂಗ್ವಿನಿಯಾದ ಹಾವಳಿ. ಹಾನಗಲ್ಲು ದಾಟಿ ಪಶ್ಚಿಮಕ್ಕೆ ಮಲೆನಾಡಿನ ಅಡಿಕೆ ತೋಟಗಳಿಗೆ ಹೋದರೆ ಬೇರು ತಿನ್ನುವ ಹುಳು ಅಲ್ಲಿಯೂ ಉಂಟು. ಆದರೆ ಅದು ಲ್ಯೂಕೊಫೋಲಿಸ್ ಎಂಬ ಬೇರೆಯೇ ಕುಲ. ಅಲ್ಲಿನ ನೆಂಟರು ಹೇಳಿದ ಉಪಾಯವನ್ನು ಇಲ್ಲಿನ ಮೆಣಸಿನ ಹೊಲಕ್ಕೆ ಹಾಗೆಯೇ ತಂದರೆ ಕಾಲ ಹೊಂದುವುದಿಲ್ಲ.

ಹುಳುವಿನ ಗುರುತಿನ ವಿಷಯದಲ್ಲಿ ಆಗುವ ಗೊಂದಲ ದುಂಬಿಗಿಂತ ದೊಡ್ಡದು. ಬಿಳಿ ಹುಳು ಕಂಡರೆ ಸಾಕು, ಗೊಣ್ಣೆಹುಳು ಎಂದು ಹೌಹಾರುವವರಿದ್ದಾರೆ. ತಿಪ್ಪೆ ಕಡಿಯುವಾಗ ಸಿಗುವ ದಪ್ಪ ಹುಳುಗಳಲ್ಲಿ ಹೆಚ್ಚಿನವು ಕೊಂಬಿನ ದುಂಬಿಯ ಮರಿಗಳು, ಇಲ್ಲವೆ ಹೂದುಂಬಿಯ ಮರಿಗಳು. ಅವು ಕೊಳೆತದ್ದನ್ನು ತಿನ್ನುತ್ತವೆ, ಜೀವಂತ ಬೇರನ್ನಲ್ಲ. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ, ಮಕ್ಕಳೂ ಮಾಡಬಹುದು. ಹುಳುವನ್ನು ಒಂದು ಹಳೆಯ ವೃತ್ತಪತ್ರಿಕೆಯ ಮೇಲೆ ಬಿಡಿ. ಅದು ಹೊರಳಿ ಬೆನ್ನ ಮೇಲೆ ಮಲಗಿ, ಕಾಲುಗಳನ್ನು ಆಕಾಶಕ್ಕೆ ಎತ್ತಿ, ಬೆನ್ನಿನಿಂದಲೇ ಸರಸರನೆ ಸಾಗಿತೆಂದರೆ ಅದು ಹೂದುಂಬಿಯ ಮರಿ. ನೋಡಲು ಸೋಜಿಗ. ಗೊಣ್ಣೆಹುಳು ಹೀಗೆ ಮಾಡುವುದಿಲ್ಲ. ಅದು ಪಕ್ಕಕ್ಕೆ ಒರಗಿ 'ಸಿ' ಆಕಾರದಲ್ಲೇ ಒದ್ದಾಡುತ್ತದೆ, ಕಾಲು ಊರಿ ಕಷ್ಟಪಟ್ಟು ಸಾಗುತ್ತದೆ. ಜಾತಿಯನ್ನು ಖಚಿತವಾಗಿ ಹೇಳಬೇಕಾದರೆ ಹುಳುವಿನ ಹೊಟ್ಟೆಯ ಕೊನೆಯ ಭಾಗದ ಅಡಿಯಲ್ಲಿರುವ ಸಣ್ಣ ಮುಳ್ಳುಗೂದಲುಗಳ ವಿನ್ಯಾಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮನುಷ್ಯರಿಗೆ ಬೆರಳಚ್ಚು ಇದ್ದಂತೆ ಅದು. ಆ ಕೆಲಸ ತಜ್ಞರಿಗೆ ಬಿಡುವುದು ಒಳ್ಳೆಯದು.

ಗಿಡ ಬಾಡಿದ ರೀತಿಯೂ ಕಾರಣ ಹೇಳುತ್ತದೆ. ಕಾಂಡವೇ ನೆಲಮಟ್ಟದಲ್ಲಿ ಕತ್ತರಿಸಿ ಗಿಡ ಮಲಗಿದ್ದರೆ ಅದು ಕತ್ತರಿಹುಳು. ಕಾಂಡದ ಮೇಲೆ ಮಣ್ಣಿನ ಪದರ ಹತ್ತಿದ್ದರೆ ಗೆದ್ದಲು. ಎಳೆದರೂ ಬೇರು ಗಟ್ಟಿಯಾಗಿದ್ದು, ಕಾಂಡವನ್ನು ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಸೊರಗು ರೋಗ ಎಂದು ಶಂಕಿಸಬೇಕು. ಗಿಡ ನಿಂತೇ ಬಾಡಿದ್ದು, ಎಳೆದರೆ ಸಲೀಸಾಗಿ ಬಂದು, ಬೇರು ಇಲ್ಲವಾಗಿದ್ದರೆ ಬುಡ ಅಗೆದು ನೋಡಿ. ಹುಳು ಸಿಗದಿದ್ದರೆ ಬಾಡಿದ ಗಿಡದ ಬುಡ ಬಿಟ್ಟು, ಸಾಲಿನಲ್ಲಿ ಅದರ ಮುಂದಿನ ಹಸಿರು ಗಿಡದ ಬುಡ ನೋಡಬೇಕು. ಕಳ್ಳ ಅಷ್ಟರಲ್ಲಿ ಪಕ್ಕದ ಮನೆಗೆ ಹೋಗಿರುತ್ತಾನೆ.

ಹಿಂದೆ ಇದಕ್ಕೆ ಪರಿಹಾರವೆಂದರೆ ಬಿ.ಎಚ್.ಸಿ. ಪುಡಿ. ಚೀಲಗಟ್ಟಲೆ ತಂದು ಬರಿಗೈಯಿಂದ ಎರಚುತ್ತಿದ್ದರು. ಅದು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುವ, ಹಾಲಿಗೂ ಆಹಾರಕ್ಕೂ ಸೇರುವ ವಿಷ. 1997ರಲ್ಲಿ ಅದನ್ನು ನಿಷೇಧಿಸಲಾಯಿತು. ಆಮೇಲೆ ಬಹುಕಾಲ ಫೋರೇಟ್ ಹರಳು ನಡೆಯಿತು. ಅದೂ ಅತಿ ಘೋರ ವಿಷ. 2020ರ ಡಿಸೆಂಬರ್ 31ರಿಂದ ಅದರ ಬಳಕೆಯೂ ನಿಂತಿದೆ. ಹಳೆಯ ಡಬ್ಬಿ, ಪಾಕೀಟುಗಳು ಇನ್ನೂ ಕೆಲವು ಮನೆಗಳ ಅಟ್ಟದಲ್ಲಿ ಇರಬಹುದು. ಪಾಲಕರು ಇದನ್ನು ಗಮನಿಸಬೇಕು. ಮಕ್ಕಳ ಕೈಗೆ ಅದು ಸಿಗಕೂಡದು. ಹಳೆಯದು ಉಳಿದಿದೆ ಎಂದು ಹೊಲಕ್ಕೂ ಹಾಕಕೂಡದು.

ವಿಷದ ಕತೆ ಹೀಗಾದರೆ, ಇನ್ನೊಂದು ದಾರಿಯ ಕತೆ ರಷ್ಯಾದಿಂದ ಬರುತ್ತದೆ. ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಯುಕ್ರೇನಿನಲ್ಲಿರುವ ಒಡೆಸ್ಸಾ ಪಟ್ಟಣದ ಸುತ್ತ ಗೋಧಿ ಬೆಳೆಗೆ ಒಂದು ದುಂಬಿಯ ಕಾಟ ವಿಪರೀತವಾಗಿತ್ತು. ಅನಿಸೋಪ್ಲಿಯಾ ಎಂಬ ಆ ದುಂಬಿಯೂ ಗೊಣ್ಣೆಹುಳುವಿನ ದುಂಬಿಯ ಬಳಗದ್ದೇ. 1879ರಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ಮಣ್ಣಿನಲ್ಲಿ ಸತ್ತು ಹಸಿರು ಬೂಷ್ಟು ಹಿಡಿದಿದ್ದ ಅದರ ಹುಳುಗಳನ್ನು ಪರೀಕ್ಷಿಸಿ, ಒಂದು ಶಿಲೀಂಧ್ರ ಅವನ್ನು ಕೊಂದಿದೆ ಎಂದು ಕಂಡುಕೊಂಡ. ರೋಗವನ್ನು ಬೆಳೆಸಿ ಹೊಲಕ್ಕೆ ಬಿಟ್ಟರೆ ಕೀಟಗಳನ್ನು ಕೊಲ್ಲಬಹುದಲ್ಲ ಎಂದು ಯೋಚಿಸಿದ ಮೊದಲಿಗರಲ್ಲಿ ಆತನೂ ಒಬ್ಬ. ರಕ್ತದ ಬಿಳಿಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂದು ತೋರಿಸಿ 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವನೂ ಈ ಮೆಚ್ನಿಕಾಫನೇ. ಜೀವಶಾಸ್ತ್ರದ ಪಾಠದಲ್ಲಿ ಅವನ ಹೆಸರು ಬರುವಾಗ ದುಂಬಿಯ ಪ್ರಸ್ತಾಪವೇ ಇರುವುದಿಲ್ಲ!

ಆ ಶಿಲೀಂಧ್ರದ ಹೆಸರು ಮೆಟರೈಝಿಯಂ ಅನಿಸೋಪ್ಲಿಯೆ. ಎರಡನೆಯ ಪದದಲ್ಲಿ ಒಡೆಸ್ಸಾದ ಗೋಧಿ ದುಂಬಿಯ ಹೆಸರು ಉಳಿದುಕೊಂಡಿದೆ. ಇದರ ಬೀಜಾಣು ಹುಳುವಿನ ಮೈಗೆ ಅಂಟಿ ಮೊಳೆತು, ಚರ್ಮವನ್ನು ಭೇದಿಸಿ ಒಳಹೊಕ್ಕು ಬೆಳೆಯುತ್ತದೆ. ಹುಳು ಸತ್ತು ಸೆಟೆದುಕೊಳ್ಳುತ್ತದೆ. ಮೊದಲು ಬಿಳಿ, ಆಮೇಲೆ ಹಸಿರು ಬೂಷ್ಟು ಮೇಲೆ ಬರುತ್ತದೆ. ಇದನ್ನು ಚೆನ್ನಾಗಿ ಕಳಿತ ಗೊಬ್ಬರದೊಡನೆ ಬೆರೆಸಿ, ಮಣ್ಣಿನಲ್ಲಿ ತೇವವಿರುವಾಗ, ಹುಳು ಸಣ್ಣದಿರುವಾಗಲೇ ಬೇರಿನ ಸುತ್ತ ಸೇರುವಂತೆ ಹಾಕಬೇಕು. ಒಣಮಣ್ಣಿಗೆ ಹಾಕಿದರೆ ದುಡ್ಡು ದಂಡ. ಇವತ್ತು ಹಾಕಿ ನಾಳೆ ಫಲ ನೋಡುವವರಿಗೂ ಇದು ಹೇಳಿದ್ದಲ್ಲ, ದಿನಗಳೇ ಹಿಡಿಯುತ್ತವೆ. ಎಷ್ಟು ಪ್ರಮಾಣ, ಯಾವಾಗ ಎಂಬುದನ್ನು ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಅದು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೇಂದ್ರ.

ಬೆಳೆ ಕೊಯ್ಲಾದ ಕೂಡಲೇ ಮಾಗಿ ಉಳುಮೆ ಮಾಡುವುದು ಹಳಬರ ರೂಢಿ. ರಂಟೆಯ ಹಿಂದೆ ಬೆಳ್ಳಕ್ಕಿ, ಕಾಗೆ, ಗೊರವಂಕಗಳು ಸಾಲುಗಟ್ಟಿ ಬರುವುದು ಮಣ್ಣು ನೋಡಲಿಕ್ಕಲ್ಲ. ಮೇಲೆ ಬಿದ್ದ ಕೋಶ, ದುಂಬಿ, ಹುಳುಗಳೇ ಅವಕ್ಕೆ ಹಬ್ಬದೂಟ. ಈಗ ಟ್ರ್ಯಾಕ್ಟರಿನವರು ರಾತ್ರಿಯಲ್ಲೂ ಉಳುತ್ತಾರೆ. ಹಗಲು ಉತ್ತರೆ ಅಷ್ಟು ಕೂಲಿ ಹಕ್ಕಿಗಳಿಂದ ಬಿಟ್ಟಿ ಸಿಗುತ್ತದೆ.

ಆದರೆ ಎಲ್ಲಕ್ಕಿಂತ ಅಗ್ಗವಾದ, ಬಲವಾದ ಉಪಾಯ ಮೊದಲ ಮಳೆಯ ಸಂಜೆಗಳದು. ಕತ್ತಲಾಗಿ ಅರ್ಧ ಮುಕ್ಕಾಲು ಗಂಟೆಯಾದ ಮೇಲೆ ಬೇವಿನ ಮರದ ಕೆಳಗೆ ಹಳೆಯ ತಾಡಪತ್ರಿಯನ್ನೋ ಸೀರೆಯನ್ನೋ ಹಾಸಿ, ಉದ್ದ ಗಳದಿಂದ ಕೊಂಬೆ ಅಲುಗಿಸಿದರೆ ದುಂಬಿಗಳು ಪಟಪಟನೆ ಉದುರುತ್ತವೆ. ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಬೇಕು. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ: ಒಂದು ಮರದಿಂದ ಇಪ್ಪತ್ತು ಹೆಣ್ಣು ದುಂಬಿ ಸಿಕ್ಕವು, ಒಂದೊಂದು ಮೂವತ್ತು ಮೊಟ್ಟೆ ಇಡಲಿತ್ತು. ಆರುನೂರು ಮೊಟ್ಟೆ ತಪ್ಪಿತು. ಅರ್ಧ ತಾವಾಗಿಯೇ ಸಾಯುತ್ತಿದ್ದವೆಂದರೂ ಮುನ್ನೂರು ಹುಳು ಹೊಲಕ್ಕೆ ಇಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ಆ ಮುನ್ನೂರನ್ನು ಒಂದೊಂದಾಗಿ ಅಗೆದು ತೆಗೆಯುವುದು ಯಾರಿಂದ ಸಾಧ್ಯ? ಈ ಕೆಲಸ ಆಗಬೇಕಾದದ್ದು ಮೊದಲ ಮಳೆಯಿಂದ ಎರಡು ಮೂರು ವಾರದೊಳಗೆ, ಮೊಟ್ಟೆ ಇಡುವ ಮುನ್ನ. ಮೃಗಶಿರ ಮಳೆಯೂ ಕಳೆದ ಮೇಲೆ ಮರ ಅಲುಗಿಸಿದರೆ ತೋಳು ನೋವಷ್ಟೇ ಗಳಿಕೆ.

ಒಬ್ಬರೇ ಮಾಡಿದರೆ ಪ್ರಯೋಜನ ಕಡಿಮೆ. ಪಕ್ಕದ ಬದುವಿನ ಮರದಲ್ಲಿ ತಿಂದ ದುಂಬಿ ಇತ್ತಣ ಹೊಲಕ್ಕೂ ಬಂದು ಮೊಟ್ಟೆ ಇಡಬಲ್ಲದು. ಅದಕ್ಕೆ ಪಹಣಿಯ ಸರ್ವೆ ನಂಬರು ಗೊತ್ತಿಲ್ಲ. ಓಣಿಯವರೆಲ್ಲ, ಸಾಧ್ಯವಾದರೆ ಊರವರೆಲ್ಲ, ಒಂದೇ ವಾರ ಹಿಡಿದು ಮಾಡಬೇಕು. ಬೇವಿನ ಮರವನ್ನೇ ಕಡಿದುಬಿಟ್ಟರೆ ಆಗದೆ ಎಂದು ಕೇಳುವವರೂ ಇದ್ದಾರೆ. ಕಡಿದರೆ ದುಂಬಿ ಜಾಲಿಗೆ ಹೋಗುತ್ತದೆ. ಹತ್ತು ಕಡೆ ಚದುರುತ್ತದೆ. ಈಗ ಒಂದೆಡೆ ಸೇರಿ ಕೈಗೆ ಸಿಗುವುದೇ ಆ ಮರದ ಉಪಕಾರ.

ಮಕ್ಕಳು ಈ ಕೆಲಸಕ್ಕೆ ಹೋಗುವಾಗ ದೊಡ್ಡವರು ಜೊತೆಯಲ್ಲಿರಲೇಬೇಕು. ಕಾಲಿಗೆ ಮುಚ್ಚಿದ ಚಪ್ಪಲಿ ಅಥವಾ ಬೂಟು, ಕೈಯಲ್ಲಿ ಬ್ಯಾಟರಿ ಇರಲಿ. ಮೊದಲ ಮಳೆಗೆ ಹೊರಬೀಳುವುದು ದುಂಬಿ ಮಾತ್ರವಲ್ಲ, ಹಾವು ಚೇಳುಗಳೂ ಹೊರಬೀಳುತ್ತವೆ. ಮರದ ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಗಳ ಹಿಡಿದು ಅತ್ತ ಸುಳಿಯಲೇಬಾರದು. ಗುಡುಗು ಸಿಡಿಲು ಇರುವ ಸಂಜೆ ಮನೆಯಲ್ಲಿರುವುದೇ ಸರಿ. ದುಂಬಿ ನಾಳೆಯೂ ಬರುತ್ತದೆ.

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಒಳ್ಳೆಯ ಪ್ರಾಜೆಕ್ಟ್ ಇದೆ. ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಏಪ್ರಿಲ್ ಕೊನೆಯಿಂದ ಬರೆಯಲು ಶುರು ಮಾಡಬೇಕು: ಮೊದಲ ದೊಡ್ಡ ಮಳೆ ಯಾವ ತಾರೀಖು, ಅದರ ನೀರು ಎಷ್ಟು ಗೇಣು ಇಳಿಯಿತು, ಮೊದಲ ದುಂಬಿ ಯಾವ ಸಂಜೆ ಎಷ್ಟು ಗಂಟೆಗೆ ಕಂಡಿತು, ಯಾವ ಮರ, ಎಷ್ಟು ದುಂಬಿ. ಮುಂದೆ ಆಗಸ್ಟಿನಲ್ಲಿ ಮನೆಯವರ ಒಪ್ಪಿಗೆ ಪಡೆದು ಹೊಲದ ನಾಲ್ಕಾರು ಕಡೆ ಮೀಟರು ಉದ್ದ, ಮೀಟರು ಅಗಲ, ಗೇಣು ಆಳ ಅಗೆದು ಹುಳು ಎಣಿಸಿ ಬರೆಯಬೇಕು. ಮರ ಅಲುಗಿಸಿದ ಹೊಲ, ಅಲುಗಿಸದ ಹೊಲ ಎರಡನ್ನೂ ಎಣಿಸಿದರೆ ಇನ್ನೂ ಒಳ್ಳೆಯದು. ಸೊನ್ನೆ ಸಿಕ್ಕರೆ ಸೊನ್ನೆ ಎಂದೇ ಬರೆಯಬೇಕು. ಎರಡು ಮೂರು ವರ್ಷದ ಅಂಥ ಬರಹವಿರುವ ನೋಟ್‌ಬುಕ್ಕನ್ನು ಹನುಮನಮಟ್ಟಿಗೆ ತೆಗೆದುಕೊಂಡು ಹೋಗಿ ತೋರಿಸಿದರೆ, ಅಲ್ಲಿನ ಕೀಟತಜ್ಞರು ಕುರ್ಚಿ ಎಳೆದುಕೊಂಡು ಕುಳಿತು ಓದುವುದರಲ್ಲಿ ಸಂಶಯವಿಲ್ಲ.